ದ್ಯಾಮಮ್ಮನ ಅಲ್ಲಾಡದ ಫೋಟೊ

ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಸ್ಟುಡಿಯೊ ಇಟ್ಟುಕೊಂಡಿರುವ ಭೀಮೇಶನಿಗೆ ಕೈ ನಡುಗುತ್ತಿತ್ತು. ಮೂವತ್ತನೆಯ ವಯಸ್ಸಿನಲ್ಲಿ ಶುರುವಾದದ್ದು, ನಲವತ್ತಮೂರರ ಹೊತ್ತಿಗೆ ಎರಡೂ ಕೈಗಳಲ್ಲಿ ನೆಲೆ ನಿಂತಿತ್ತು. ಅವನ ಅಪ್ಪ ಬೀರಲಿಂಗಪ್ಪನಿಗೂ ಇದೇ ನಡುಕವಿತ್ತು. ದಾವಣಗೆರೆಯ ಡಾಕ್ಟರು, ಇದರಿಂದ ಜೀವಕ್ಕೇನೂ ಅಪಾಯವಿಲ್ಲ, ಮನೆತನದಲ್ಲಿ ಹರಿದು ಬಂದದ್ದು ಎಂದು ಹೇಳಿ ಕಳಿಸಿದ್ದರು. ಆದರೆ ಕೈ ನಡುಗುವ ಫೋಟೊಗ್ರಾಫರ್ ಎಂದರೆ ತಲೆ ತಿರುಗುವವನು ತೆಂಗಿನ ಮರ ಹತ್ತಿದ ಹಾಗೆ. ಹೆಂಡತಿ ರೂಪಶ್ರೀಯೊಬ್ಬಳನ್ನು ಬಿಟ್ಟು ಯಾರಿಗೂ ಅವನು ವಿಷಯ ಹೇಳಿರಲಿಲ್ಲ. ಜನರೆದುರು ಕೈ ಜೇಬಿನಲ್ಲಿರುತ್ತಿತ್ತು. ಟೀ ಕೊಟ್ಟರೆ ಈಗಷ್ಟೇ ಕುಡಿದೆ ಎನ್ನುತ್ತಿದ್ದ. ಫೋಟೊ ಹೊಡೆಯುವಾಗ ಕ್ಯಾಮೆರಾವನ್ನು ಹುಬ್ಬಿಗೆ ಒತ್ತಿ ಒತ್ತಿ, ಬಲ ಹುಬ್ಬಿನ ಮೇಲೆ ಒಂದು ಗೆರೆಯೇ ಬಿದ್ದಿತ್ತು.

ಹೋದ ವರ್ಷ ಅವನು ಮಿರರ್‌ಲೆಸ್ ಎಂಬ, ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ ತಂದ. ಅದರ ಹೊಟ್ಟೆಯೊಳಗೆ ಚಿತ್ರ ಬೀಳುವ ಸೆನ್ಸರ್ ಒಂದೇ ಕಡೆ ಬಿಗಿದು ಕೂತಿರುವುದಿಲ್ಲ, ತೇಲುತ್ತಿರುತ್ತದೆ. ಕೈ ಎಡಕ್ಕೆ ಸರಿದರೆ ಅದು ಲೆಕ್ಕ ಹಾಕಿ ಬಲಕ್ಕೆ ಸರಿಯುತ್ತದೆ, ಚಿತ್ರ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಕ್ಯಾಮೆರಾ ಆಫ್ ಆಗಿದ್ದಾಗ ಅಲ್ಲಾಡಿಸಿದರೆ ಒಳಗೆ ಏನೋ ಕಳಚಿಕೊಂಡ ಹಾಗೆ ಕಟಕಟ ಎನ್ನುತ್ತದೆ. ಮೊದಲ ದಿನ ಆ ಸದ್ದು ಕೇಳಿ ರೂಪಶ್ರೀ, "ಒಡೆದ ಮಾಲು ಕೊಟ್ಟಾರೆ. ವಾಪಸ್ ಕೊಟ್ಟು ಬರ್ರಿ" ಎಂದಳು.

"ಅದು ಇರಾದೇ ಹಂಗೆ. ಒಳಗಿಂದು ಅಲ್ಲಾಡಬೇಕು."

"ಅಲ್ಲಾಡಬಾರದು ಅಂತ ತಂದಿರಿ. ಈಗ ಅದೇ ಅಲ್ಲಾಡ್ತೈತಲ್ಲ."

ಮರುದಿನ ಭೀಮೇಶ ಕೆರೆಬಿಳಚಿಗೆ ಹೋಗಿ, ಪರಿಚಯದವರ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು, ಗುಂಡಿಬಿದ್ದ ರಸ್ತೆಯುದ್ದಕ್ಕೂ ಕೈಯಲ್ಲೇ ಹಿಡಿದು ವಿಡಿಯೊ ಮಾಡಿದ. ಡ್ರೈವರನ ಟೋಪಿ ಎರಡು ಸಲ ಹಾರಿತು, ವಿಡಿಯೊದಲ್ಲಿ ಮಾತ್ರ ರಸ್ತೆ ದೋಣಿಯಲ್ಲಿ ಕೂತು ನೋಡಿದ ಹಾಗೆ ಹರಿಯಿತು. ಅದನ್ನು ಫೋನಿನ ಸ್ಟೇಟಸ್‌ಗೆ ಹಾಕಿದ, ನೋಡಿದವರು ಮುಂದಕ್ಕೆ ಕಳಿಸಿದರು. ಮೂರನೆಯ ದಿನ ನ್ಯಾಮತಿಯಿಂದ ಕಲ್ಪನಾ ಎಂಬ ಹೆಣ್ಣುಮಗಳು ಅವನ ಸ್ಟುಡಿಯೊ ಹುಡುಕಿಕೊಂಡು ಬಂದಳು.

ಕಲ್ಪನಾ ನ್ಯಾಮತಿಯ ಕಾಲೇಜೊಂದರಲ್ಲಿ ಉಪನ್ಯಾಸಕಿ. ಅವಳ ಮನೆಯವರು ಅಲ್ಲಿ ಒಂದು ಮದುವೆ ಮಂಟಪ ಕಟ್ಟಿಸುತ್ತಿದ್ದರು. ಮಂಟಪಕ್ಕೆ ಅವಳ ಅಜ್ಜಿ ದ್ಯಾಮಮ್ಮನ ಹೆಸರು. ಎಂಬತ್ತೊಂಬತ್ತು ವರ್ಷದ ಅಜ್ಜಿ ಜಗಳೂರಿನಲ್ಲಿ ಹಿರಿಯ ಮಗನ ಮನೆಯಲ್ಲಿದ್ದಳು. ಮಂಟಪದ ಎದುರು ಗೋಡೆಗೆ, ಹಿಂದೆ ಮಕ್ಕಳು ಮೊಮ್ಮಕ್ಕಳು ನಿಂತು ಅಜ್ಜಿ ಮುಂದೆ ಕುಳಿತಿರುವ ಎಂಟು ಅಡಿ ಅಗಲದ ಫೋಟೊ ಬೇಕಿತ್ತು.

"ಒಂದು ತೊಂದ್ರೆ ಐತ್ರೀ" ಎಂದಳು ಕಲ್ಪನಾ. "ಅಜ್ಜಿಗೆ ತಲೆ ಅಲ್ಲಾಡ್ತೈತೆ. ಎಡಕ್ಕೆ, ಬಲಕ್ಕೆ. ಇಪ್ಪತ್ತು ವರ್ಷದಿಂದ ನಿಂತಿಲ್ಲ. ನೋಡಿದೋರು ಬ್ಯಾಡ ಬ್ಯಾಡ ಅಂತಿದಾರೆ ಅಂದ್ಕೊತಾರೆ. ನನ್ನ ನೋಡಾಕೆ ಬಂದ ಎರಡು ಗಂಡಿನ ಕಡೆಯೋರು, ಮನೆ ಹಿರೇರಿಗೇ ಇಷ್ಟ ಇಲ್ಲ ಅಂತ ಎದ್ದು ಹೋದ್ರು."

"ಅಯ್ಯೋ" ಎಂದ ಭೀಮೇಶ.

"ಅದು ಒಳ್ಳೇದೇ ಆತು ಬಿಡ್ರಿ. ಆದ್ರೆ ಯಾವ ಫೋಟೊದಾಗೂ ಅಜ್ಜಿ ಮುಖ ಇಲ್ಲ. ಕಲೆಸಿ ಹೋಗ್ತೈತೆ. ನಿಮ್ಮ ಟ್ರ್ಯಾಕ್ಟರ್ ವಿಡಿಯೊ ನೋಡಿದೆ. ಅಲ್ಲಾಡೋದನ್ನ ನಿಲ್ಲಿಸ್ತೈತಾ ನಿಮ್ಮ ಕ್ಯಾಮೆರಾ?"

"ನಿಲ್ಲಿಸ್ತೈತ್ರೀ. ಅದು ಇರಾದೇ ಅದಕ್ಕೆ."

ಅವಳು ದಿನ ಗೊತ್ತುಮಾಡಿ ಹೋದಳು. ಯಾರು ಅಲ್ಲಾಡುವುದನ್ನು ಎಂದು ಅವಳೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಅರ್ಧ ಗಂಟೆಯಾದ ಮೇಲೆ ಭೀಮೇಶನಿಗೆ ಅದು ಹೊಳೆಯಿತು. ಕ್ಯಾಮೆರಾ ನಿಲ್ಲಿಸುವುದು ಹಿಡಿದವನ ನಡುಕವನ್ನು. ಎದುರಿಗೆ ಕೂತವರ ತಲೆಯ ಸುದ್ದಿಗೆ ಅದು ಹೋಗುವುದಿಲ್ಲ. ಎರಡು ಸಲ ಫೋನ್ ಮಾಡಿದ, ಹತ್ತಲಿಲ್ಲ. ಮೂರನೆಯ ಸಲ ಮಾಡುವ ಮೊದಲು ಕ್ಯಾಮೆರಾದ ಜೊತೆ ಬಂದ ಪುಸ್ತಕ ತೆಗೆದು ಓದಲು ಕೂತ.

ನಡುಕ ತಡೆಯುವ ಶಕ್ತಿ ಕ್ಯಾಮೆರಾದ ಬಾಡಿಗೆ ಇದ್ದಂತೆ ಕೆಲವು ಲೆನ್ಸುಗಳಿಗೂ ಇರುತ್ತದೆ ಎಂದು ಅದರಲ್ಲಿತ್ತು. ಎರಡೂ ಒಂದೇ ಕಂಪನಿಯವಾಗಿದ್ದರೆ ಪರಸ್ಪರ ಮಾತಾಡಿಕೊಂಡು ಕೆಲಸ ಹಂಚಿಕೊಳ್ಳುತ್ತವೆ: ಕ್ಯಾಮೆರಾ ಮೇಲೆ ಕೆಳಗೆ, ಆಚೆ ಈಚೆ ವಾಲಿದರೆ ಲೆನ್ಸು ನೋಡಿಕೊಳ್ಳುತ್ತದೆ, ತಿರುಚಿದರೆ ಬಾಡಿ ನೋಡಿಕೊಳ್ಳುತ್ತದೆ. ನಡುಕ ತಡೆಯುವ ಬಲವನ್ನು ಮೆಟ್ಟಿಲ ಲೆಕ್ಕದಲ್ಲಿ ಅಳೆದು, ಬಾಡಿ ಒಂದೇ ಆದರೆ ಐದು ಮೆಟ್ಟಿಲು, ಎರಡೂ ಸೇರಿದರೆ ಏಳೂವರೆ ಮೆಟ್ಟಿಲು ಎಂದು ಪಟ್ಟಿ ಕೊಟ್ಟಿದ್ದರು. ಭೀಮೇಶ ಬಹಳ ಹೊತ್ತು ಆ ಏಳೂವರೆಯನ್ನೇ ನೋಡಿದ.

"ನನ್ನ ಕೈಗೆ ಐದು ಸಾಕು" ಎಂದ ರೂಪಶ್ರೀಗೆ. "ಇನ್ನೂ ಎರಡೂವರೆ ಉಳಿತೈತಲ್ಲ. ಅಜ್ಜಿ ತಲೆಗೆ ಅದು ಆಗಬೌದು."

"ಪುಸ್ತಕದಾಗೆ ಹಂಗೆ ಐತಾ?"

"ಆಗಲ್ಲ ಅಂತಾನೂ ಇಲ್ಲ."

ಆ ಕಂಪನಿಯ ಅಂಥ ಲೆನ್ಸು ಸುತ್ತಮುತ್ತ ಇದ್ದದ್ದು ಒಬ್ಬರ ಹತ್ತಿರ ಮಾತ್ರ: ಹೊನ್ನಾಳಿಯ ಷಣ್ಮುಖಪ್ಪ. ಅರವತ್ತೊಂದು ವರ್ಷದ ಷಣ್ಮುಖಪ್ಪ ಸಾಸ್ವೆಹಳ್ಳಿ ಕಡೆ ತುಂಗಭದ್ರೆಯಲ್ಲಿ ನೀರುನಾಯಿಗಳ ಫೋಟೊ ತೆಗೆದು ಒಂದು ಸ್ಪರ್ಧೆಗೆ ಕಳಿಸಿದ್ದರು. ಮೊದಲ ಬಹುಮಾನವಾಗಿ ಲೆನ್ಸು ಬಂತು. ಅದಕ್ಕೆ ಹೊಂದುವ ಕ್ಯಾಮೆರಾ ಮಾತ್ರ ಅವರಲ್ಲಿರಲಿಲ್ಲ. ಎರಡು ವರ್ಷದಿಂದ ಅದು ಸ್ಟೀಲ್ ಡಬ್ಬಿಯಲ್ಲಿ, ಪಂಚೆಯ ತುಂಡಿನೊಳಗೆ ಮಲಗಿತ್ತು. ಪ್ರತಿ ಭಾನುವಾರ ಅದನ್ನು ಹೊರತೆಗೆದು, ತೋಳುದ್ದ ಹಿಡಿದು, ನದಿಯನ್ನು ತಲೆಕೆಳಗಾಗಿ ಒಂದು ಸಲ ನೋಡಿ, ಮತ್ತೆ ಡಬ್ಬಿಗೆ ಹಾಕುತ್ತಿದ್ದರು.

ಷಣ್ಮುಖಪ್ಪನಿಗೂ ಭೀಮೇಶನಿಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಸಾಸ್ವೆಹಳ್ಳಿಯ ಒಂದು ನಿಶ್ಚಿತಾರ್ಥಕ್ಕೆ ಹೆಣ್ಣಿನವರು ಅವರನ್ನೂ ಗಂಡಿನವರು ಇವನನ್ನೂ ಕರೆದಿದ್ದರು. ಅವರು ತೆಗೆದ ನೂರಾ ಹನ್ನೆರಡು ಫೋಟೊಗಳಲ್ಲಿ ಭೀಮೇಶನ ಬೆನ್ನು ಬಂದಿತ್ತು. ಹೆಣ್ಣಿನ ತಂದೆ ಆಲ್ಬಮ್ ತಿರುವಿ, ಈ ನೀಲಿ ಅಂಗಿಯವರು ನಿಮಗೇನಾಗಬೇಕು ಎಂದು ಷಣ್ಮುಖಪ್ಪನನ್ನು ಕೇಳಿದ್ದರಂತೆ.

ಫೋನ್ ಮಾಡಿದವಳು ರೂಪಶ್ರೀ. "ಅಣ್ಣಾರೆ, ನಿಮ್ಮತ್ರ ಕಣ್ಣೈತೆ, ನಮ್ಮತ್ರ ಮೈ ಐತೆ. ಬ್ಯಾರೆ ಬ್ಯಾರೆ ಇದ್ರೆ ಎರಡೂ ದಂಡ."

ಆ ಕಡೆ ಸ್ಟೀಲ್ ಡಬ್ಬಿಯ ಮುಚ್ಚಳ ತೆರೆದು ಮುಚ್ಚಿದ ಸದ್ದಾಯಿತು. ಆಮೇಲೆ ಷಣ್ಮುಖಪ್ಪ, "ಬರ್ತೀನಮ್ಮ" ಎಂದರು. "ಆದ್ರೆ ಲೆನ್ಸು ನನ್ನ ಕೈ ಬಿಟ್ಟು ಹೋಗಂಗಿಲ್ಲ. ಒಂದು ನಿಮಿಷಾನೂ."

ಮಾತಿಗೆ ಹಾಗೆಂದರು ಎಂದು ಗಂಡ ಹೆಂಡತಿ ತಿಳಿದಿದ್ದರು. ಷಣ್ಮುಖಪ್ಪ ಅಕ್ಷರಶಃ ಹೇಳಿದ್ದರು. ಸ್ಟುಡಿಯೊಗೆ ಬಂದು, ಡಬ್ಬಿಯಿಂದ ಲೆನ್ಸು ತೆಗೆದು, ಭೀಮೇಶ ಹಿಡಿದಿದ್ದ ಕ್ಯಾಮೆರಾಗೆ ತಾವೇ ತಿರುಗಿಸಿ ಕೂರಿಸಿದರು. ಕ್ಲಿಕ್ಕೆಂದಿತು. ಅವರ ಕೈ ಅಲ್ಲೇ ಉಳಿಯಿತು.

ಪರದೆಯ ಮೇಲೆ, ಲೆನ್ಸಿನ ಸಾಫ್ಟ್‌ವೇರ್ ಹಳೆಯದಾಗಿದೆ, ಹೊಸದು ಹಾಕಬೇಕು ಎಂದು ಬಂತು. ಅದಕ್ಕೆ ಹದಿನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಒಬ್ಬರು ಲೆನ್ಸು, ಒಬ್ಬ ಬಾಡಿ ಹಿಡಿದುಕೊಂಡು, ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿ, ನೀಲಿ ಗೆರೆ ಮುಂದೆ ಸರಿಯುವುದನ್ನು ಮಾತಿಲ್ಲದೆ ನೋಡಿದರು.

ಗೋಡೆಯ ಕ್ಯಾಲೆಂಡರಿನದೇ ಮೊದಲ ಫೋಟೊ ಹೊಡೆದರು, ಬೆಳಕು ಒಳಬಿಡುವ ಶಟರ್ ಬಾಗಿಲನ್ನು ಅರ್ಧ ಸೆಕೆಂಡ್ ತೆರೆದಿಟ್ಟು. ಭೀಮೇಶನ ಕೈ ನಡುಗುತ್ತಿತ್ತು. ಷಣ್ಮುಖಪ್ಪ ಲೆನ್ಸನ್ನು ತಮ್ಮ ಕಡೆ ಎಳೆಯುತ್ತಿದ್ದರು. ಆದರೂ ಹಿಗ್ಗಿಸಿ ನೋಡಿದಾಗ ರಾಹುಕಾಲದ ಸಣ್ಣ ಅಂಕಿಗಳು ಸ್ಪಷ್ಟವಾಗಿದ್ದವು. ಷಣ್ಮುಖಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ನಾಲ್ಕು ವರ್ಷದ ಮೇಲೆ ಭೀಮೇಶನಿಗೆ ಅವರು ಆಡಿದ ಮೊದಲ ಮಾತು, "ಗುಂಡಿ ಎಲ್ಲೈತೆ ನೋಡಿದ್ಯಾ?"

ಲೆನ್ಸಿನ ಪಕ್ಕದಲ್ಲಿ ಒಂದು ಪುಟ್ಟ ಗುಂಡಿಯಿತ್ತು. ಅದನ್ನು ಕೆಳಗೆ ಸರಿಸಿದರೆ ಲೆನ್ಸಿನದಷ್ಟೇ ಅಲ್ಲ, ಬಾಡಿಯ ನಡುಕತಡೆಯೂ ನಿಂತುಹೋಗುತ್ತಿತ್ತು.

"ಅಂದ್ರೆ ನಿನ್ನ ಬಾಡಿ ನನ್ನ ಲೆನ್ಸಿನ ಮಾತು ಕೇಳ್ತೈತೆ" ಎಂದರು ಷಣ್ಮುಖಪ್ಪ.

"ಫೋಟೊ ಹೊಡಿಯಾದು ಬಾಡಿನೇ ಅಣ್ಣ. ಕ್ಲಿಕ್ ಗುಂಡಿ ನಮ್ಮತ್ರ ಐತೆ."

ಹೀಗೆ ಅಧಿಕಾರ ಹಂಚಿಕೆಯಾಯಿತು. ಕಣ್ಣಿಟ್ಟು ನೋಡಿ ಕ್ಲಿಕ್ ಮಾಡುವವನು ಭೀಮೇಶ. ಅವನ ಎಡಗಡೆ ನಿಂತು, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರದಿಂದ ಲೆನ್ಸು ಹಿಡಿಯುವವರು ಷಣ್ಮುಖಪ್ಪ. ಅಭ್ಯಾಸಕ್ಕೆಂದು ನಲ್ಲೂರಿನ ಒಂದು ಗೃಹಪ್ರವೇಶಕ್ಕೆ ಹೋದಾಗ ಇಬ್ಬರೂ ಒಟ್ಟಿಗೆ ಹೊಸ ಬಾಗಿಲಲ್ಲಿ ಸಿಕ್ಕಿಕೊಂಡರು. ಹಸು ಒಳಗೆ ಹೋಗಲು ಕಾಯಬೇಕಾಯಿತು. ಫೋಟೊಗಳು ಚೆನ್ನಾಗಿ ಬಂದವು.

ಗೊತ್ತಾದ ದಿನ ಬೆಳಿಗ್ಗೆ ಹತ್ತಕ್ಕೆ ಅವರು ಜಗಳೂರು ತಲುಪಿದರು. ದ್ಯಾಮಮ್ಮನ ಹಿರಿಯ ಮಗ ಮರುಳಸಿದ್ದಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ನಡುಮನೆಯಲ್ಲಿ ಕಲ್ಪನಾ ಮತ್ತು ಮನೆಯ ಹನ್ನೆರಡು ಜನ ಸಾಲಾಗಿ ನಿಂತು ಬೆವರುತ್ತಿದ್ದರು. ಅವರ ಮುಂದೆ, ಕುರ್ಚಿಯ ಮೇಲೆ ಕಂದು ಬಣ್ಣದ ಇಳಕಲ್ ಸೀರೆಯುಟ್ಟು ದ್ಯಾಮಮ್ಮ. ಸಣ್ಣ ಮೈ, ಅಗಲವಾದ ಹಣೆ. ತಲೆ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಸಮನಾಗಿ ಹೋಗುತ್ತಿತ್ತು. ಬಂದ ಇಬ್ಬರನ್ನೂ ಅವಳು ಬೇಡವೆನ್ನುತ್ತಿರುವಂತೆಯೇ ಕಂಡಿತು.

"ಬರ್ರಿ, ಕುಂದರ್ರಿ, ಊಟ ಮಾಡಿಕೊಂಡೇ ಹೋಗ್ಬೇಕು" ಎಂದಳು, ತಲೆಯಲ್ಲಿ ಬೇಡ ಬೇಡ ಎನ್ನುತ್ತಾ.

ಕೋಣೆಯಲ್ಲಿ ಬೆಳಕು ಕಡಿಮೆ. ಅಜ್ಜಿಗೆ ಎರಡು ತಿಂಗಳ ಹಿಂದೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಫ್ಲ್ಯಾಶ್ ಬೇಡ, ದೊಡ್ಡ ಲೈಟೂ ಬೇಡ, ಬಿಸಿಲಿಗಂತೂ ಕರೆಯಬೇಡಿ ಎಂದು ಮರುಳಸಿದ್ದಪ್ಪ ಕೈಮುಗಿದರು. ಕ್ಯಾಮೆರಾದ ಬಾಗಿಲು ಬೇಗ ಮುಚ್ಚಿಸಿದರೆ ಫೋಟೊ ಕಪ್ಪಾಗಿ ಬರುತ್ತಿತ್ತು. ಕ್ಯಾಮೆರಾದ ಸೂಕ್ಷ್ಮತೆ ಏರಿಸಿದರೆ ಮುಖದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಎಂಟು ಅಡಿಗೆ ಹಿಗ್ಗಿಸಿದರೆ ಒಂದೊಂದು ಕಾಳೂ ಕಡಲೆಯಷ್ಟಾಗುತ್ತಿತ್ತು. ಉಳಿದದ್ದು ಒಂದೇ ದಾರಿ, ಸೆಕೆಂಡಿನ ಎಂಟನೆಯ ಒಂದು ಭಾಗ ಬಾಗಿಲು ತೆರೆದಿಟ್ಟು, ಬಾಡಿ ಮತ್ತು ಲೆನ್ಸಿನ ಮೇಲೆ ಭಾರ ಹಾಕುವುದು.

ಬಾಡಿ ಮತ್ತು ಲೆನ್ಸು ತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡಿದವು. ಹಿಂದೆ ನಿಂತ ಹದಿನಾಲ್ಕು ಮಂದಿಯೂ ಕೆತ್ತಿದ ಹಾಗೆ ಬಂದರು. ಮರುಳಸಿದ್ದಪ್ಪನ ಜೇಬಿನ ಪೆನ್ನಿನ ಮೇಲಿನ ಅಕ್ಷರ ಓದಬಹುದಿತ್ತು. ದ್ಯಾಮಮ್ಮನ ಕುತ್ತಿಗೆಯ ಮೇಲೆ ಮಾತ್ರ ಮಜ್ಜಿಗೆ ಕಡೆದಂತಹ ಒಂದು ಬಿಳಿ ಸುಳಿ ಇತ್ತು.

ಎಲ್ಲರೂ ಒಬ್ಬೊಬ್ಬರಾಗಿ ಬಂದು ಕ್ಯಾಮೆರಾದ ಪರದೆಯಲ್ಲಿ ಫೋಟೊ ನೋಡಿದರು. ಕಲ್ಪನಾ ಕೊನೆಗೆ ನೋಡಿ, "ನಿಲ್ಲಿಸ್ತೈತೆ ಅಂದಿದ್ರಿ" ಎಂದಳು.

ಭೀಮೇಶ ಪರದೆಯಿಂದ ಕಣ್ಣೆತ್ತಿದ. "ನಮ್ಮ ಕೈ ಅಲ್ಲಾಡಾದನ್ನ ನಿಲ್ಲಿಸ್ತೈತ್ರೀ. ಎದುರಿಗಿದ್ದೋರ್ದು ಆಗಲ್ಲ. ಅವತ್ತೇ ಹೇಳ್ಬೇಕಿತ್ತು. ಎರಡೂ ಸೇರಿದ್ರೆ ಆಗಬೌದೇನೋ ಅಂತ ಆಸೆ ಮಾಡಿದೆ."

"ನನಗೂ ಹೇಳಲಿಲ್ಲ ನೀನು" ಎಂದರು ಷಣ್ಮುಖಪ್ಪ.

ಮರುಳಸಿದ್ದಪ್ಪ ಒಂದು ಉಪಾಯ ಸೂಚಿಸಿದರು. ಅವರ ಮಗ ಪರಶುರಾಮ್ ಕುರ್ಚಿಯ ಹಿಂದೆ ಕೂತು, ಸೆರಗಿನೊಳಗೆ ಕೈ ತೂರಿಸಿ ಅಜ್ಜಿಯ ತಲೆಯನ್ನು ಗಟ್ಟಿಯಾಗಿ ಹಿಡಿದ. ತಲೆ ನಿಲ್ಲಲಿಲ್ಲ, ಪರಶುರಾಮನ ಭುಜ ಕೂಡ ಅಲ್ಲಾಡತೊಡಗಿತು.

"ಬಿಡೋ" ಎಂದಳು ದ್ಯಾಮಮ್ಮ. "ನಾನೇನು ಸಂತೇಲಿ ಇಟ್ಟಿರೋ ಕುಂಬಳಕಾಯಾ?"

ಯಾರೋ ನಕ್ಕರು. ಷಣ್ಮುಖಪ್ಪನ ಕಿವಿ ಕೆಂಪಗಾಯಿತು. ಮೂವತ್ತೈದು ವರ್ಷ ಕೆಲಸ ಮಾಡಿದವರು, ಕಂಡವರ ಮನೆಯಲ್ಲಿ ಇಂಥ ನಗೆಪಾಟಲಿಗೆ ಸಿಕ್ಕಿದ್ದು ಇದೇ ಮೊದಲು. "ಮಾತು ಕೊಟ್ಟೋನು ನೀನು, ನೀನೇ ಮುಗಿಸು" ಎಂದು ಲೆನ್ಸಿನ ಗುಂಡಿಯನ್ನು ಕೆಳಕ್ಕೆ ಸರಿಸಿ, ಎರಡು ವಾರದಲ್ಲಿ ಮೊದಲ ಸಲ ಲೆನ್ಸಿನಿಂದ ಕೈ ತೆಗೆದುಬಿಟ್ಟರು.

ಕ್ಯಾಮೆರಾದ ಇಡೀ ಭಾರ ಭೀಮೇಶನ ಕೈಗೆ ಬಿತ್ತು. ಇಷ್ಟು ದಿನ ಷಣ್ಮುಖಪ್ಪನ ಹಿಡಿತದ ಮರೆಯಲ್ಲಿದ್ದ ನಡುಕ ಬಯಲಿಗೆ ಬಂತು. ಕ್ಯಾಮೆರಾ ಎಲ್ಲರ ಕಣ್ಣೆದುರು ಎಡಕ್ಕೆ ಬಲಕ್ಕೆ ಆಡಿತು. ನಗುತ್ತಿದ್ದವರು ಸುಮ್ಮನಾದರು. ಜೇಬಿಗೆ ಹಾಕಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಕ್ಯಾಮೆರಾ ಇತ್ತು.

ದ್ಯಾಮಮ್ಮ ಅವನ ಕೈಯನ್ನೇ ನೋಡಿದಳು. "ನಿನಗೂ ಐತಾ?" ಎಂದಳು.

"ಐತೆ ಅಜ್ಜಿ."

"ಎಷ್ಟು ವರ್ಷ ಆತು?"

"ಹದಿಮೂರು."

"ಯಾರಿಗೂ ಹೇಳಿಲ್ಲ ಅಂತ ಕಾಣ್ತೈತೆ. ನಿನ್ನ ಜೊತೆ ಬಂದೋರ ಮುಖ ನೋಡಿದ್ರೆ ಗೊತ್ತಾಗ್ತೈತೆ."

"ಹೇಳಿದ್ರೆ ಕೆಲಸಕ್ಕೆ ಯಾರು ಕರೀತಾರೆ ಅಜ್ಜಿ? ಬಚ್ಚಿಟ್ಕೊಂಡು ಬಂದೆ."

"ನಿನಗಾದ್ರೆ ಜೇಬೈತೆ" ಎಂದಳು ದ್ಯಾಮಮ್ಮ. "ನಂದು ಕುತ್ತಿಗೆ ಮೇಲೆ ಐತೆ. ಎಲ್ಲಿ ಬಚ್ಚಿಡ್ಲಿ?"

ಭೀಮೇಶನಿಗೆ ನಗು ಬಂತು. ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಭುಜಗಳು ತಾವಾಗಿಯೇ ಇಳಿದವು. ನಡುಕ ನಿಲ್ಲಲಿಲ್ಲ, ಆದರೆ ಅದನ್ನು ತಡೆಯುವ ಗುದ್ದಾಟ ನಿಂತಿತು. ಏನು ಮಾಡಬೇಕೆಂದು ತೋಚದೆ, ಕೈ ಖಾಲಿ ನಿಲ್ಲಬಾರದೆಂದು ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟ.

ಒಳಗೆ ಕಂಡದ್ದನ್ನು ಅವನು ಮೊದಲು ನಂಬಲಿಲ್ಲ. ಗೋಡೆ ಅಲ್ಲಾಡುತ್ತಿತ್ತು. ಗಡಿಯಾರ ಅಲ್ಲಾಡುತ್ತಿತ್ತು. ಮರುಳಸಿದ್ದಪ್ಪ, ಕಲ್ಪನಾ, ಪರಶುರಾಮ್, ಎಲ್ಲರೂ ಎಡಕ್ಕೆ ಬಲಕ್ಕೆ ಜೋಲಿ ಹೊಡೆಯುತ್ತಿದ್ದರು. ನಡುವೆ ದ್ಯಾಮಮ್ಮನ ಮುಖ ನೆಟ್ಟಗೆ ನಿಂತಿತ್ತು. ಅವಳ ತಲೆ ಎತ್ತ ಹೋಗುತ್ತಿತ್ತೋ ಅವನ ಕೈಯೂ ಅತ್ತಲೇ, ಅದೇ ಹೊತ್ತಿಗೆ, ಅಷ್ಟೇ ದೂರ ಹೋಗುತ್ತಿತ್ತು. ಕೆಲವು ಕ್ಷಣ ತಾಳ ತಪ್ಪುತ್ತಿತ್ತು, ಮತ್ತೆ ಕೂಡಿಕೊಳ್ಳುತ್ತಿತ್ತು. ಕೂಡಿದಾಗ ಕ್ಲಿಕ್ ಮಾಡಿದ. ಮತ್ತೆ ಕಾದ, ಮತ್ತೆ ಮಾಡಿದ. ಹನ್ನೊಂದು ಫೋಟೊ ಆದವು.

ಏಳನೆಯದರಲ್ಲಿ ಅಜ್ಜಿ ಸಿಕ್ಕಿದ್ದಳು. ಹಣೆಯ ಗೆರೆಗಳು, ಮೂಗುಬೊಟ್ಟಿನ ಕಲ್ಲು, ಆಪರೇಷನ್ ಆದ ಕಣ್ಣಿನ ಹೊಳಪು, ತುಟಿಯಂಚಿನಲ್ಲಿ ಇನ್ನೂ ಉಳಿದಿದ್ದ ತಮಾಷೆ, ಎಲ್ಲವೂ. ಹಿಂದಿದ್ದ ಹದಿನಾಲ್ಕು ಜನ ಹೊಗೆಯ ಕಂಬಗಳಾಗಿದ್ದರು.

ಷಣ್ಮುಖಪ್ಪ ಪರದೆಗೆ ಕಣ್ಣು ತಾಗುವಷ್ಟು ಬಗ್ಗಿ ನೋಡಿದರು. "ಎರಡೂ ಆಫ್ ಮಾಡಿ ಹೊಡೆದ್ಯಾ?"

"ಆಫ್ ಮಾಡಿದ್ದು ನೀವು."

ಷಣ್ಮುಖಪ್ಪ ಕೈಯನ್ನು ಲೆನ್ಸಿನ ಮೇಲೆ ವಾಪಸ್ ಇಡದೆ, ಬೆನ್ನ ಹಿಂದೆ ಕಟ್ಟಿಕೊಂಡರು.

ಮನೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. "ಅವ್ವ ಚೆನ್ನಾಗಿ ಬಂದಾಳೆ, ಇಲ್ಲ ಅನ್ನಲ್ಲ" ಎಂದರು ಮರುಳಸಿದ್ದಪ್ಪ. "ಆದ್ರೆ ನಾವು ಹೆಂಗೆ ಬಂದೀವಿ ನೋಡ್ರಿ. ನಾನು ಯಾರು ಅಂತ ನನಗೇ ಗೊತ್ತಾಗವಲ್ದು. ಇದನ್ನ ಮಂಟಪದ ಎದುರಿಗೆ ಹೆಂಗೆ ಹಾಕಾದು?"

ಎರಡು ಫೋಟೊಗಳನ್ನೂ ಕಂಪ್ಯೂಟರಿನಲ್ಲಿ ಸೇರಿಸಿ, ಅದರ ಜನರ ಮುಂದೆ ಇದರ ಅಜ್ಜಿಯನ್ನು ಕೂರಿಸಬಹುದು ಎಂದು ಭೀಮೇಶ ಹೇಳಿದ. ಎಲ್ಲರಿಗೂ ಸಮಾಧಾನವಾಯಿತು. ದ್ಯಾಮಮ್ಮ ಫೋಟೊ ತೋರಿಸಿ ಎಂದಳು. ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿಸಿಕೊಂಡು ತನ್ನ ಮುಖವನ್ನು ನೋಡಿದಳು, ಆಮೇಲೆ ಹಿಂದೆ ನಿಂತವರನ್ನು ಒಬ್ಬೊಬ್ಬರಾಗಿ.

"ಏನೂ ಸೇರಿಸಬ್ಯಾಡ" ಎಂದಳು. "ಸರಿಯಾಗೇ ಬಂದೈತೆ."

"ಅವ್ವ, ನಾವೆಲ್ಲ ಅಲ್ಲಾಡಿದೀವಿ ನೋಡು."

"ಇಪ್ಪತ್ತು ವರ್ಷದಿಂದ ನನಗೆ ನೀವು ಕಾಣಾದೇ ಹಿಂಗೆ ಕಣಪ್ಪ. ಬಾಗಿಲು ಹಿಂಗೇ, ಗಡಿಯಾರ ಹಿಂಗೇ, ನೀನೂ ಹಿಂಗೇ. ನಾನು ಹೇಳಿದ್ರೆ ಯಾರು ಕೇಳಿದ್ರಿ? ಈಗ ಈತ ತೆಗೆದು ತೋರಿಸ್ಯಾನೆ."

ಮರುಳಸಿದ್ದಪ್ಪ ಅಮ್ಮನ ಮುಖ ನೋಡಿ, ಹಾಗಾದರೆ ಇದೇ ಇರಲಿ ಎಂದರು. ಕಲ್ಪನಾ ಆ ಫೋಟೊವನ್ನು ಬಹಳ ಹೊತ್ತು ನೋಡಿದಳು, ಒಂದು ಸಲ ತಾನೂ ತಲೆಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ಕೋಣೆಯನ್ನು ನೋಡಿದಳು. ಆಮೇಲೆ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಮೊಣಕಾಲಿಗೆ ಗಲ್ಲ ಊರಿದಳು. ಊಟಕ್ಕೆ ಎಲೆ ಹಾಕಿದರು. ಭೀಮೇಶನಿಗೆ ಮಜ್ಜಿಗೆಯನ್ನು ದೊಡ್ಡ ಲೋಟದಲ್ಲಿ ಅರ್ಧ ಮಾತ್ರ ಬಡಿಸುವಂತೆ ದ್ಯಾಮಮ್ಮನೇ ಹೇಳಿದಳು.

ನ್ಯಾಮತಿಯ ಮಂಟಪದಲ್ಲಿ ಈಗ ಆ ಫೋಟೊ ಇದೆ, ಎಂಟು ಅಡಿ. ಉದ್ಘಾಟನೆಯ ದಿನ ಬಂದವರೆಲ್ಲ ಅದರೆದುರು ನಿಂತು, ಕಣ್ಣು ಉಜ್ಜಿಕೊಂಡು, ಹಿಂದೆ ಸರಿದು ನೋಡುತ್ತಿದ್ದರು. ಮರುಳಸಿದ್ದಪ್ಪ ಫೋಟೊದ ಪಕ್ಕದಲ್ಲೇ ನಿಂತು, "ಎಡದಿಂದ ಮೂರನೆಯವನು ನಾನು" ಎಂದು ಸಂಜೆಯವರೆಗೂ ಹೇಳಿದರು. ಮದುವೆಗೆ ಬಂದ ಕೆಲವು ಹಿರಿಯರು, ಇದನ್ನು ನೋಡಿದರೆ ತಲೆ ಸುತ್ತುತ್ತದೆ ಎಂದು ದೂರಿದ್ದೂ ಉಂಟು. ಅವರಿಗೆ ಬೆನ್ನು ಮಾಡಿ ಕೂರಲು ಒಂದು ಸಾಲು ಕುರ್ಚಿ ಹಾಕಿಸಿದ್ದಾರೆ.

ತಿಂಗಳು ಕಳೆದ ಮೇಲೆ ಹೊನ್ನಾಳಿಯಿಂದ ಷಣ್ಮುಖಪ್ಪನೇ ಫೋನ್ ಮಾಡಿದರು. ಅವರ ಬೀದಿಯಲ್ಲಿ ತಿಪ್ಪಮ್ಮ ಎಂಬ ಮುದುಕಿ. ಅವಳಿಗೂ ತಲೆ ಅಲ್ಲಾಡುತ್ತದೆ, ಅವಳಿಗೂ ಫೋಟೊ ಬೇಕಂತೆ.

"ಆದ್ರೆ ಆಕೀದು ಮ್ಯಾಲೆ ಕೆಳಗೆ ಐತಪ್ಪ" ಎಂದರು ಷಣ್ಮುಖಪ್ಪ. "ಹೂಂ ಹೂಂ ಅಂದಂಗೆ. ಕೇಳಿದೋರಿಗೆಲ್ಲ ಒಪ್ಪಿಗೆ ಕೊಟ್ಟು ಕೊಟ್ಟು ಆಕಿ ಮನ್ಯಾಗೆ ಈಗ ಐದು ಬೆಕ್ಕು ಅದಾವೆ."

"ನಂದು ಅಡ್ಡಡ್ಡ ಅಣ್ಣ. ಕೂಡಲ್ಲ."

"ಅದನ್ನೇ ಯೋಚನೆ ಮಾಡಿದೀನಿ. ನೀನು ಬಾ."

ಹೀಗಾಗಿ ಒಂದು ಸೋಮವಾರ ಮಧ್ಯಾಹ್ನ ಭೀಮೇಶ ತಿಪ್ಪಮ್ಮನ ಪಡಸಾಲೆಯಲ್ಲಿ ಒಂದು ಮಂಚದ ಮೇಲೆ ಎಡ ಮಗ್ಗುಲಿಗೆ ಮಲಗಿಕೊಂಡು ಕ್ಯಾಮೆರಾ ಹಿಡಿದ. ತಲೆಯ ಕೆಳಗೆ ಷಣ್ಮುಖಪ್ಪ ದಿಂಬು ಕೊಟ್ಟರು, ಲೆನ್ಸಿನ ಗುಂಡಿ ಸರಿಸಿದರು, ಮೂರು ಹೆಜ್ಜೆ ಹಿಂದೆ ಹೋಗಿ ನಿಂತರು. ಒಂದು ಬೆಕ್ಕು ಬಂದು ಭೀಮೇಶನ ಸೊಂಟದ ಮೇಲೆ ಕೂತಿತು.

"ಈತಗೆ ಮೈಯಾಗೆ ಹುಷಾರಿಲ್ವಾ?" ಎಂದು ತಿಪ್ಪಮ್ಮ ಷಣ್ಮುಖಪ್ಪನನ್ನು ಕೇಳಿದಳು.

"ಇವನು ಫೋಟೊ ಹೊಡಿಯಾದೇ ಹಿಂಗೆ ಅಕ್ಕ. ಇಲ್ಲಿ ನೋಡು, ನಗಬೌದು" ಎಂದರು ಷಣ್ಮುಖಪ್ಪ. ಭೀಮೇಶ ಮಲಗಿದಲ್ಲೇ ತಾಳ ಕೂಡುವುದನ್ನು ಕಾಯುತ್ತಿದ್ದ.